ಉಳುವವನ ಹೆಸರು, ಆಳುವವನ ತಲೆಗೆ

1974ರ ಫೆಬ್ರುವರಿ. ಹಾಲೆಂಡಿನ ಫುಟ್‌ಬಾಲ್ ಆಟಗಾರ ಯೋಹಾನ್ ಕ್ರೈಫ್ ಬಾರ್ಸಿಲೋನಾ ತಂಡ ಸೇರಿ ಇನ್ನೂ ವರ್ಷ ತುಂಬಿರಲಿಲ್ಲ. ಆಮ್‌ಸ್ಟರ್‌ಡ್ಯಾಮಿನಲ್ಲಿ ಅವರಿಗೊಂದು ಗಂಡುಮಗು ಹುಟ್ಟಿತು. ಗಂಡ ಹೆಂಡತಿ ಇಬ್ಬರೂ ಮೆಚ್ಚಿ ಇಟ್ಟ ಹೆಸರು ಜೋರ್ಡಿ. ಕೂಸಿನ ಹೆಸರನ್ನು ಬಾರ್ಸಿಲೋನಾದಲ್ಲೂ ದಾಖಲು ಮಾಡಿಸೋಣವೆಂದು ಹೋದರೆ ನೋಂದಣಿ ಕಚೇರಿಯ ಅಧಿಕಾರಿ ಒಪ್ಪಲಿಲ್ಲ. ಆ ಹೆಸರಿಗೆ ಅನುಮತಿಯಿಲ್ಲ, ಬೇಕಾದರೆ ಹೋರ್ಹೆ ಎಂದು ಬರೆದುಕೊಳ್ಳುತ್ತೇನೆ ಎಂದ. ಸ್ಪೇನಿನಲ್ಲಿ ಆಗಿನ್ನೂ ಸರ್ವಾಧಿಕಾರಿ ಫ್ರಾಂಕೋನ ಆಳ್ವಿಕೆ. ಕ್ಯಾಟಲನ್, ಬಾಸ್ಕ್ ಮುಂತಾದ ಭಾಷೆಗಳ ಹೆಸರುಗಳು ಸರ್ಕಾರಿ ದಫ್ತರಿಗೆ ಹತ್ತಕೂಡದೆಂದು 1938ರಲ್ಲೇ ಆಜ್ಞೆಯಾಗಿತ್ತು. ಕ್ರೈಫ್ ಕೈಯಲ್ಲಿ ಡಚ್ ಸರ್ಕಾರದ ಜನನ ಪತ್ರವಿತ್ತು, ಅದರಲ್ಲಿ ಜೋರ್ಡಿ ಎಂದೇ ಇತ್ತು. ಅವರು ಜಗ್ಗಲಿಲ್ಲ. ಅದೇ ತಿಂಗಳು ಮ್ಯಾಡ್ರಿಡ್ ತಂಡವನ್ನು ಅದರ ಸ್ವಂತ ಅಂಗಳದಲ್ಲಿ 5–0 ಗೋಲುಗಳಿಂದ ಬಗ್ಗುಬಡಿದ ಆಟಗಾರ ಬೇರೆ. ಕಡೆಗೆ ಅಧಿಕಾರಿಯೇ ಮಣಿದ. ಸಾಮಾನ್ಯ ಕ್ಯಾಟಲನ್ ತಂದೆತಾಯಿಯರಿಗೆ ಆ ಭಾಗ್ಯವಿರಲಿಲ್ಲ. ಫ್ರಾಂಕೋ ಸತ್ತು, 1977ರಲ್ಲಿ ಕಾನೂನು ಬದಲಾಗುವ ತನಕ ಅವರು ಕಾಯಬೇಕಾಯಿತು.

ಜೋರ್ಡಿಯೂ ಹೋರ್ಹೆಯೂ ಬೇರೆ ಬೇರೆ ಹೆಸರೇನಲ್ಲ. ಇಂಗ್ಲಿಷರು ಜಾರ್ಜ್ ಎನ್ನುವುದನ್ನೇ ಸ್ಪೇನಿನವರು ಹೋರ್ಹೆ ಎನ್ನುತ್ತಾರೆ, ಕ್ಯಾಟಲನ್ನರು ಜೋರ್ಡಿ ಎನ್ನುತ್ತಾರೆ. ಇಟಲಿಯಲ್ಲಿ ಜಾರ್ಜೋ, ಫ್ರಾನ್ಸಿನಲ್ಲಿ ಜಾರ್ಜ್ ಎಂದರೂ ಬರೆಯುವಾಗ ಕೊನೆಗೊಂದು ಉಚ್ಚರಿಸದ ‘ಸ್’. ಜರ್ಮನಿಯಲ್ಲಿ ಗೇಯೋರ್ಗ್, ಮನೆಮಂದಿಯ ಬಾಯಲ್ಲಿ ಸವೆದು ಯೋರ್ಗ್, ಯೂರ್ಗನ್. ಡಚ್ಚರಲ್ಲಿ ಯೋರಿಸ್, ಪೋಲೆಂಡಿನಲ್ಲಿ ಯೆಜಿ, ಹಂಗೇರಿಯಲ್ಲಿ ಜ್ಯೋರ್ಜ್, ಲಿಥುವೇನಿಯಾದಲ್ಲಿ ಯುರ್ಗಿಸ್, ಬಾಸ್ಕ್ ನಾಡಿನಲ್ಲಿ ಗೋರ್ಕಾ, ಆರ್ಮೇನಿಯಾದಲ್ಲಿ ಗೆವೋರ್ಗ್. ಫಿನ್ಲೆಂಡಿನವರ ಯೂರ್ಯೋ ಮಾತ್ರ ಪಾಪದ ಹೆಸರು. ಅಲ್ಲಿನ ಬೀದಿ ಭಾಷೆಯಲ್ಲಿ ಅದೇ ಪದಕ್ಕೆ ವಾಂತಿ ಎಂಬ ಅರ್ಥವೂ ಅಂಟಿಕೊಂಡಿದೆ. ರಷ್ಯನ್ನರು ಒಂದೇ ಹೆಸರನ್ನು ಮೂರು ಮಾಡಿಕೊಂಡರು: ಚರ್ಚಿನ ಪುಸ್ತಕಕ್ಕೆ ಗಿಯೋರ್ಗಿ, ಅರಸು ಮನೆತನಗಳಲ್ಲಿ ಯೂರಿ, ಹಳ್ಳಿಗಾಡಿನಲ್ಲಿ ಯೆಗೋರ್. ದಂಡನಾಯಕ ಜುಕೋವ್ ಗಿಯೋರ್ಗಿ, ಅಂತರಿಕ್ಷಕ್ಕೆ ಹಾರಿದ ಗಗಾರಿನ್ ಯೂರಿ. ಇಬ್ಬರೂ ನಾಮಸಾಮ್ಯದವರೆಂದು ಹೇಳಿದರೆ ನಮ್ಮಲ್ಲಿ ಅನೇಕರು ನಂಬಲಿಕ್ಕಿಲ್ಲ.

ಒಂದೇ ಹೆಸರು ಕೆಲವೆಡೆ ‘ಜ’ದಿಂದ, ಕೆಲವೆಡೆ ‘ಯ’ದಿಂದ ಶುರುವಾಗಲು ಒಂದು ಕಾರಣ ಗ್ರೀಕರು. ಬರಹದಲ್ಲಿ ‘ಗ’ ಇದ್ದರೂ ಎ, ಇ ಸ್ವರಗಳ ಮುಂದೆ ಅದು ಅವರ ಬಾಯಲ್ಲಿ ಕಾಲಕ್ರಮೇಣ ‘ಯ’ದ ಹತ್ತಿರಕ್ಕೆ ಸರಿಯಿತು. ಈಗಿನ ಗ್ರೀಕರು ಯೋರ್ಗೋಸ್ ಎಂದೇ ಕೂಗುತ್ತಾರೆ.

ಆ ಗ್ರೀಕ್ ಪದದಲ್ಲಿರುವುದು ಎರಡು ತುಂಡು. ‘ಗೇ’ ಎಂದರೆ ನೆಲ. ಜಿಯಾಗ್ರಫಿ, ಜಿಯಾಮೆಟ್ರಿಗಳಲ್ಲಿರುವುದೂ ಇದೇ. ‘ಎರ್ಗೊನ್’ ಎಂದರೆ ಕೆಲಸ. ಎರಡೂ ಕೂಡಿದರೆ ಗೆಯೋರ್ಗೋಸ್, ಅಂದರೆ ಮಣ್ಣಿನಲ್ಲಿ ಗೇಯುವವ, ಬೇಸಾಯಗಾರ. ರೋಮಿನ ಕವಿ ವರ್ಜಿಲ್ ಕ್ರಿ.ಪೂ. ಒಂದನೇ ಶತಮಾನದಲ್ಲಿ ಉಳುಮೆ, ಮರ ಮತ್ತು ದ್ರಾಕ್ಷಿಬಳ್ಳಿ, ದನಕರು, ಜೇನು ಎಂದು ನಾಲ್ಕು ಭಾಗಗಳಲ್ಲಿ ಬರೆದ ಬೇಸಾಯದ ಕಾವ್ಯಕ್ಕೆ ‘ಜಾರ್ಜಿಕ್ಸ್’ ಎಂದು ಹೆಸರಾದದ್ದು ಇದರಿಂದಲೇ. ಹೀಗೆ ಹೊಲದಿಂದ ಬಂದ ಹೆಸರು ಯುರೋಪಿನಲ್ಲಿ ಹರಡಿದ್ದು ಮಾತ್ರ ಹೊಲದ ದಾರಿಯಿಂದಲ್ಲ. ಅದನ್ನು ಹೊತ್ತು ತಿರುಗಿದವರು ಮೊದಲು ಸೈನಿಕರು, ಆಮೇಲೆ ದೊರೆಗಳು.

ಸೈನಿಕರಿಗೆ ಈ ಹೆಸರನ್ನು ಕೊಟ್ಟವನು ಸಂತ ಜಾರ್ಜ್. ಅವನ ಬಗ್ಗೆ ಇತಿಹಾಸಕ್ಕೆ ಸಿಗುವುದು ಬಹಳ ಕಡಿಮೆ. ಪ್ಯಾಲೆಸ್ಟೈನಿನ ಲಿಡ್ಡಾ, ಅಂದರೆ ಇಂದಿನ ಇಸ್ರೇಲಿನ ಲೋದ್ ಪಟ್ಟಣದಲ್ಲಿ ಅವನ ಸಮಾಧಿಯೆಂದು ಪೂಜೆ ಪಡೆಯುವ ಜಾಗವಿದೆ. ರೋಮನ್ ಚಕ್ರವರ್ತಿ ಡಯೋಕ್ಲೀಷಿಯನ್ 303ರಲ್ಲಿ ಶುರುಮಾಡಿದ ಕ್ರೈಸ್ತ ದಮನದಲ್ಲಿ ಪ್ರಾಣ ತೆತ್ತ ಸೈನಿಕನೀತ ಎಂಬುದು ಸಂಪ್ರದಾಯದ ಮಾತು. ಅಲ್ಲಿಂದಾಚೆ ಕಥೆಗಳೇ. ಕುದಿಯುವ ಕಡಾಯಿ, ಮೊಳೆ ಹೊಡೆದ ಚಕ್ರ, ಸತ್ತು ಸತ್ತು ಮತ್ತೆ ಎದ್ದು ಬರುವುದು. ಎಲ್ಲವೂ ಎಷ್ಟು ಅತಿಯಾಗಿತ್ತೆಂದರೆ ಚರ್ಚಿನ ಹಿರಿಯರೇ ಹಿಂದೆಗೆದು, ಆ ಚರಿತೆಯನ್ನು ನಂಬಲಾಗದ ಪುಸ್ತಕಗಳ ಸಾಲಿಗೆ ಹಾಕಿದ್ದುಂಟು. ಜನಪ್ರಿಯವಾದ ಡ್ರಾಗನ್ ಪ್ರಸಂಗವಂತೂ ಸಂತ ಸತ್ತು ಶತಮಾನಗಳು ಕಳೆದ ಮೇಲೆ ಸೇರಿಕೊಂಡದ್ದು. 13ನೇ ಶತಮಾನದಲ್ಲಿ ಜಿನೋವಾದ ಯಾಕೋಬಸ್ ದೆ ವೊರಾಜಿನೆ ಬರೆದ ಸಂತಚರಿತೆಗಳ ಸಂಪುಟ ಅದನ್ನು ಯುರೋಪಿನ ಮನೆಮಾತಾಗಿಸಿತು.

ಇನ್ನೊಬ್ಬ ಜಾರ್ಜ್‌ನ ಕಥೆ ಇದಕ್ಕಿಂತ ಸ್ವಾರಸ್ಯ. ನಾಲ್ಕನೇ ಶತಮಾನದಲ್ಲಿ ಕಪಡೋಕಿಯಾದ ಜಾರ್ಜ್ ಎಂಬುವನು ಅಲೆಕ್ಸಾಂಡ್ರಿಯಾದ ಬಿಷಪ್ ಆಗಿದ್ದ. ಅದಕ್ಕೆ ಮೊದಲು ಸೈನ್ಯಕ್ಕೆ ಹಂದಿಮಾಂಸ ಒದಗಿಸುವ ಗುತ್ತಿಗೆ ಹಿಡಿದು ದುಡ್ಡು ನುಂಗಿದ್ದನೆಂದು ಅವನ ವಿರೋಧಿಗಳು ಹೇಳುತ್ತಿದ್ದರು. ಊರವರೆಲ್ಲರ ಹಗೆ ಕಟ್ಟಿಕೊಂಡ ಅವನನ್ನು 361ರ ಡಿಸೆಂಬರಿನಲ್ಲಿ ಜನರ ಗುಂಪು ಬೀದಿಯಲ್ಲೇ ಕೊಂದುಹಾಕಿತು. ಆಗಿನ ಚಕ್ರವರ್ತಿ ಜೂಲಿಯನ್ ಅಲೆಕ್ಸಾಂಡ್ರಿಯಾದವರನ್ನು ಗದರಿ ಕಾಗದ ಬರೆದ. ಅಷ್ಟಕ್ಕೇ ನಿಲ್ಲದೆ, ಜಾರ್ಜ್‌ನ ಪುಸ್ತಕಗಳನ್ನೆಲ್ಲ ಹುಡುಕಿ ತನಗೆ ಕಳಿಸಿಕೊಡಬೇಕೆಂದು ಅಲ್ಲಿನ ಅಧಿಕಾರಿಗೆ ಇನ್ನೊಂದು ಪತ್ರ ಬರೆದ! ಹುಡುಗನಾಗಿದ್ದಾಗ ಆ ಪುಸ್ತಕಗಳಲ್ಲಿ ಕೆಲವನ್ನು ಎರವಲು ಪಡೆದು ಪ್ರತಿ ಮಾಡಿಸಿಕೊಂಡಿದ್ದನಾದ್ದರಿಂದ ಅವುಗಳ ಬೆಲೆ ಅವನಿಗೆ ಗೊತ್ತಿತ್ತು. ಹದಿನೆಂಟನೇ ಶತಮಾನದ ಇತಿಹಾಸಕಾರ ಎಡ್ವರ್ಡ್ ಗಿಬ್ಬನ್ ಈ ಗುತ್ತಿಗೆದಾರ ಬಿಷಪ್ಪನೇ ಮುಂದೆ ಇಂಗ್ಲೆಂಡಿನ ಪೋಷಕ ಸಂತನಾಗಿ ಮಾರ್ಪಟ್ಟ ಎಂದು ಬರೆದುಬಿಟ್ಟ. ಈಗಿನ ವಿದ್ವಾಂಸರು ಅದನ್ನು ಒಪ್ಪುವುದಿಲ್ಲ. ಆದರೆ ಇಂಥ ತಮಾಷೆಯ ತಪ್ಪುಗಳಿಗೆ ಆಯುಷ್ಯ ಜಾಸ್ತಿ. ಗಿಬ್ಬನ್‌ನ ಮಾತನ್ನು ಎತ್ತಿ ಆಡುವವರು ಬಹುಕಾಲ ಉಳಿದರು.

ಪೂರ್ವದ ಕ್ರೈಸ್ತರಿಗೆ ಮೊದಲಿನಿಂದಲೂ ಬಳಕೆಯ ಹೆಸರಾಗಿದ್ದ ಇದನ್ನು ಪಶ್ಚಿಮದಲ್ಲಿ ಮೆರೆಸಿದ್ದು ಕ್ರುಸೇಡ್ ಯುದ್ಧಗಳು. ಇಂಗ್ಲೆಂಡಿನ ಮೂರನೇ ಎಡ್ವರ್ಡ್ 1348ರ ಸುಮಾರಿಗೆ ಗಾರ್ಟರ್ ಎಂಬ ವೀರಪಂಗಡ ಕಟ್ಟಿ ಅದನ್ನು ಸಂತ ಜಾರ್ಜ್‌ಗೆ ಒಪ್ಪಿಸಿದ. ಅಜಿನ್ಕೂರ್ ಕದನ ಗೆದ್ದ 1415ರಲ್ಲಿ ಈ ಸಂತನ ಏಪ್ರಿಲ್ 23ರ ಹಬ್ಬಕ್ಕೆ ಅಲ್ಲಿ ದೊಡ್ಡ ಹಬ್ಬದ ಪಟ್ಟ ಸಿಕ್ಕಿತು. ಬಾವುಟದಲ್ಲಿ ಜಾರ್ಜ್, ರಣಘೋಷದಲ್ಲಿ ಜಾರ್ಜ್. ತೊಟ್ಟಿಲಲ್ಲಿ ಮಾತ್ರ ಜಾನ್, ವಿಲಿಯಂ, ಥಾಮಸ್‌ಗಳದೇ ಕಾರುಬಾರು. ಇಂಗ್ಲಿಷರು ತಮ್ಮ ಪೋಷಕ ಸಂತನ ಹೆಸರನ್ನು ಮಕ್ಕಳಿಗೆ ಧಾರಾಳವಾಗಿ ಇಡಲು ಶುರುಮಾಡಿದ್ದು ಜರ್ಮನಿಯಿಂದ ಒಬ್ಬ ದೊರೆ ಬಂದ ಮೇಲೆ.

ಆ ದೊರೆ ಹ್ಯಾನೋವರಿನ ಗೇಯೋರ್ಗ್ ಲುಡ್ವಿಗ್. ರಾಣಿ ಆ್ಯನ್ ತೀರಿಕೊಂಡಾಗ ರಕ್ತಸಂಬಂಧದಲ್ಲಿ ಅವನಿಗಿಂತ ಹತ್ತಿರದವರು ಐವತ್ತಕ್ಕೂ ಹೆಚ್ಚು ಮಂದಿ ಇದ್ದರು. ಅವರೆಲ್ಲ ಕಥೋಲಿಕರಾದ್ದರಿಂದ ಕಾನೂನು ಅವರನ್ನು ದಾಟಿ ಇವನ ಬಳಿ ಬಂದು ನಿಂತಿತು. 1714ರಲ್ಲಿ ಅವನು ಒಂದನೇ ಜಾರ್ಜ್ ಆದ, ಇಂಗ್ಲಿಷ್ ಅಷ್ಟಕ್ಕಷ್ಟೇ. 1830ರವರೆಗೆ ಸಾಲಾಗಿ ನಾಲ್ಕು ಜಾರ್ಜ್‌ಗಳು ಆಳಿದರು. ಕಟ್ಟಡದ ಶೈಲಿಗೆ ಅವರ ಹೆಸರು, ಅಮೆರಿಕದಲ್ಲಿ 1732ರಲ್ಲಿ ಸನ್ನದು ಪಡೆದ ಜಾರ್ಜಿಯಾ ವಸಾಹತಿಗೆ ಅವರ ಹೆಸರು. (ಕಾಕಸಸ್ ಪರ್ವತದ ಬುಡದ ಜಾರ್ಜಿಯಾ ದೇಶದ ಕಥೆ ಬೇರೆ. ಅಲ್ಲಿ ಗಿಯೋರ್ಗಿಗಳು ಬೀದಿಗೊಬ್ಬರಿದ್ದರೂ ದೇಶದ ಹೆಸರು ಪರ್ಷಿಯನ್ನರ ‘ಗುರ್ಜ್’ ಎಂಬ ಪದದಿಂದ ಬಂದದ್ದೆಂದು ಹೇಳುತ್ತಾರೆ. ಅಲ್ಲಿಯವರು ತಮ್ಮ ನಾಡನ್ನು ಕರೆಯುವುದು ಸಾಕಾರ್ತ್ವೆಲೊ ಎಂದು.) ಆಕಾಶವನ್ನೂ ಬಿಡಲಿಲ್ಲ. ಹ್ಯಾನೋವರಿನಿಂದಲೇ ಬಂದ ಸಂಗೀತಗಾರ ವಿಲಿಯಂ ಹರ್ಷೆಲ್ 1781ರ ಮಾರ್ಚ್‌ನಲ್ಲಿ ಬಾತ್ ಪಟ್ಟಣದ ತನ್ನ ಮನೆಯಿಂದ ಹೊಸ ಗ್ರಹವೊಂದನ್ನು ಕಂಡು, ಅದಕ್ಕೆ ‘ಜಾರ್ಜ್‌ನ ತಾರೆ’ ಎಂದು ಲ್ಯಾಟಿನ್ನಿನಲ್ಲಿ ನಾಮಕರಣ ಮಾಡಿದ. ಮೂರನೇ ಜಾರ್ಜ್ ಅವನಿಗೆ ವರ್ಷಕ್ಕೆ 200 ಪೌಂಡ್ ಸಂಬಳ ಗೊತ್ತುಮಾಡಿದ. ಹೊರದೇಶದವರು ಇಂಗ್ಲಿಷ್ ದೊರೆಯನ್ನು ಆಕಾಶಕ್ಕೇರಿಸಲು ಒಪ್ಪದೆ ಯುರೇನಸ್ ಎಂದರು. ಬ್ರಿಟನ್ನಿನ ನಾವಿಕರ ಪಂಚಾಂಗ ಮಾತ್ರ ಹತ್ತೊಂಬತ್ತನೇ ಶತಮಾನದ ನಡುಭಾಗದ ತನಕ ಹಠ ಬಿಡಲಿಲ್ಲ.

ಈ ಮೂರನೇ ಜಾರ್ಜ್ ಹೆಸರಿನ ಹಳೆಯ ಅರ್ಥವನ್ನು ನಿಜ ಮಾಡಿದವನು. ಅವನಿಗೆ ಬೇಸಾಯದ ಹುಚ್ಚು. ವಿಂಡ್ಸರಿನ ಅರಮನೆಯ ಉದ್ಯಾನದ ಒಂದಷ್ಟು ನೆಲವನ್ನು ಹೊಲ ಮಾಡಿಸಿದ, ಸ್ಪೇನಿನಿಂದ ಮೆರಿನೋ ಕುರಿ ತರಿಸಿ ಸಾಕಿದ. ವ್ಯಂಗ್ಯಚಿತ್ರಕಾರರು ಅವನನ್ನು ‘ರೈತ ಜಾರ್ಜ್’ ಎಂದು ಆಡಿಕೊಂಡರು. 1787ರಲ್ಲಿ ಆರ್ಥರ್ ಯಂಗ್ ಎಂಬಾತ ನಡೆಸುತ್ತಿದ್ದ ಬೇಸಾಯದ ಪತ್ರಿಕೆಗೆ ಗೊಬ್ಬರ, ಬೆಳೆ ಸರದಿಗಳ ಬಗ್ಗೆ ಪತ್ರ ಬರೆದಾಗ ದೊರೆ ಸಹಿ ಹಾಕಿದ್ದು ರಾಲ್ಫ್ ರಾಬಿನ್ಸನ್ ಎಂದು. ಅದು ವಿಂಡ್ಸರಿನಲ್ಲಿ ಕುರಿ ಕಾಯುತ್ತಿದ್ದವನ ಹೆಸರು. ಬೇಸಾಯಗಾರ ಎಂಬ ಅರ್ಥದ ಹೆಸರಿಟ್ಟುಕೊಂಡ ರಾಜ ಬೇಸಾಯದ ಬಗ್ಗೆ ಬರೆಯಬೇಕಾದಾಗ ಆ ಹೆಸರನ್ನು ಪಕ್ಕಕ್ಕಿಟ್ಟು, ಆಳಿನ ಹೆಸರನ್ನು ಎರವಲು ತಂದ!

ಅದೇ ಆರ್ಥರ್ ಯಂಗ್‌ಗೆ ಅಟ್ಲಾಂಟಿಕ್‌ನ ಆಚೆ ದಡದಿಂದಲೂ ಒಬ್ಬ ಜಾರ್ಜ್ ಕಾಗದ ಬರೆಯುತ್ತಿದ್ದ. ದೊರೆಯ ಸೈನ್ಯವನ್ನು ಸೋಲಿಸಿ ಹದಿಮೂರು ವಸಾಹತುಗಳನ್ನು ಕಿತ್ತುಕೊಂಡ ಜಾರ್ಜ್ ವಾಷಿಂಗ್ಟನ್. ಯುದ್ಧದಲ್ಲಿ ಎದುರುಬದುರಾದ ಇಬ್ಬರು ಜಾರ್ಜ್‌ಗಳು ಗೊಬ್ಬರದ ವಿಷಯದಲ್ಲಿ ಒಂದೇ ಪತ್ರಿಕೆಯ ಓದುಗರು. ವಾಷಿಂಗ್ಟನ್ ತನ್ನ ಮೌಂಟ್ ವರ್ನನ್ ಜಮೀನಿನಲ್ಲಿ ಗೋಧಿ ಒಕ್ಕಲು ಹದಿನಾರು ಮೂಲೆಯ ಎರಡಂತಸ್ತಿನ ಕೊಟ್ಟಿಗೆ ಕಟ್ಟಿಸಿದ್ದ, ನಕ್ಷೆ ಅವನದೇ. ನಮ್ಮ ರೈತರು ಕಣದಲ್ಲಿ ಎತ್ತು ಕಟ್ಟಿ ತುಳಿಸುವಂತೆ ಅಲ್ಲಿ ಮೇಲಂತಸ್ತಿನಲ್ಲಿ ಕುದುರೆಗಳನ್ನು ಸುತ್ತು ಹೊಡೆಸುತ್ತಿದ್ದರು. ಮರದ ಹಲಗೆಗಳ ನಡುವೆ ಬೇಕೆಂದೇ ಬಿಟ್ಟ ಸಂದುಗಳಿಂದ ಕಾಳು ಕೆಳಗೆ ಉದುರುತ್ತಿತ್ತು, ಹುಲ್ಲು ಮೇಲೆಯೇ ಉಳಿಯುತ್ತಿತ್ತು. ಮಳೆಯ ಭಯವಿಲ್ಲ, ಕಾಳಿಗೆ ಮಣ್ಣು ಹತ್ತುವುದಿಲ್ಲ. ಜಾಣ ಕೆಲಸವೇ. ಆದರೆ ಕುದುರೆ ಹೊಡೆದವರು, ಕಾಳು ತೂರಿದವರು ಗುಲಾಮರು. ವಾಷಿಂಗ್ಟನ್ ಸತ್ತ 1799ರಲ್ಲಿ ಮೌಂಟ್ ವರ್ನನ್‌ನಲ್ಲಿದ್ದ ಗುಲಾಮರ ಸಂಖ್ಯೆ 317. ನೆಲದಲ್ಲಿ ಗೇಯುವವರು ಎಂಬುದು ಅಲ್ಲಿ ಯಾರಿಗೆ ಹೊಂದುತ್ತಿತ್ತೆಂದು ಬಿಡಿಸಿ ಹೇಳಬೇಕಿಲ್ಲ.

ಗುಲಾಮಗಿರಿ ಹೋದ ಮೇಲೂ ಅಮೆರಿಕದಲ್ಲಿ ಈ ಹೆಸರಿಗೆ ಇನ್ನೊಂದು ಕೆಲಸ ಬಿತ್ತು. ಜಾರ್ಜ್ ಪುಲ್‌ಮನ್ ಎಂಬ ಉದ್ಯಮಿ 1867ರಲ್ಲಿ ಮಲಗುವ ರೈಲುಬೋಗಿಗಳ ಕಂಪನಿ ತೆರೆದು, ಹಾಸಿಗೆ ಹಾಸಲು, ಬೂಟು ಒರೆಸಲು, ಪೆಟ್ಟಿಗೆ ಹೊರಲು ಕಪ್ಪು ಜನರನ್ನೇ ನೇಮಿಸಿಕೊಂಡ. ಮೊದಮೊದಲು ಬಂದವರಲ್ಲಿ ಬಹಳ ಮಂದಿ ಆಗಷ್ಟೇ ಬಿಡುಗಡೆಯಾದ ಗುಲಾಮರು. ಪ್ರಯಾಣಿಕರು ಅವರ ಹೆಸರು ಕೇಳುವ ಗೋಜಿಗೆ ಹೋಗದೆ ಎಲ್ಲರನ್ನೂ ‘ಜಾರ್ಜ್’ ಎಂದು ಕೂಗುತ್ತಿದ್ದರು. ಯಜಮಾನನ ಹೆಸರಿನಿಂದ ಗುಲಾಮನನ್ನು ಕರೆಯುವ ಹಳೆಯ ರೂಢಿಯ ಮುಂದುವರಿಕೆ ಇದು. ಪುಲ್‌ಮನ್ 1897ರಲ್ಲಿ ಸತ್ತ, ಗುಲಾಮರನ್ನು ಬಿಡಿಸಿದ ಅಬ್ರಹಾಂ ಲಿಂಕನ್‌ನ ಮಗನೇ ಕಂಪನಿಯ ಮುಖ್ಯಸ್ಥನಾದ, ಕೂಗುವುದು ನಿಲ್ಲಲಿಲ್ಲ. 1914ರಲ್ಲಿ ಇದನ್ನು ತಡೆಯಲೆಂದೇ ಒಂದು ಸಂಘ ಹುಟ್ಟಿಕೊಂಡಿತು. ಕಟ್ಟಿದವನು ಜಾರ್ಜ್ ಡುಲೇನಿ ಎಂಬ ಮರದ ವ್ಯಾಪಾರಿ, ಬಿಳಿಯ. ಅವನ ಸಂಕಟ ಕೂಲಿಯವರ ಮಾನದ ಬಗ್ಗೆ ಅಲ್ಲ. ತನ್ನಂಥ ಜಾರ್ಜ್‌ಗಳ ಹೆಸರು ಕೂಲಿಯವರ ಪಾಲಾಗುತ್ತಿದೆಯಲ್ಲ ಎಂಬುದು! ಅರ್ಧ ತಮಾಷೆಯ ಈ ಸಂಘಕ್ಕೆ ಸಾವಿರಾರು ಜಾರ್ಜ್‌ಗಳು ಸೇರಿದರು. ಪೋರ್ಟರುಗಳು 1925ರಲ್ಲಿ ಎ. ಫಿಲಿಪ್ ರಾಂಡಾಲ್ಫ್ ಮುಂದಾಳುತನದಲ್ಲಿ ತಮ್ಮದೇ ಯೂನಿಯನ್ ಕಟ್ಟಿ, ಹನ್ನೆರಡು ವರ್ಷ ಬಡಿದಾಡಿ, 1937ರಲ್ಲಿ ಕಂಪನಿಯಿಂದ ಒಪ್ಪಂದಕ್ಕೆ ಸಹಿ ಹಾಕಿಸಿಕೊಂಡರು.

ಹೆಸರು ನಿಜಕ್ಕೂ ರೈತರ ಬದುಕಿನೊಳಗೆ ಹೊಕ್ಕದ್ದು ಯುರೋಪಿನ ಪೂರ್ವ ಭಾಗದಲ್ಲಿ, ಅದೂ ಹಬ್ಬದ ರೂಪದಲ್ಲಿ. ರಷ್ಯಾದ ಹಳ್ಳಿಗರು ಚಳಿಗಾಲವಿಡೀ ಕೊಟ್ಟಿಗೆಯಲ್ಲಿದ್ದ ದನಗಳನ್ನು ವಸಂತದ ಯೆಗೋರಿಯ ಹಬ್ಬದಂದು ಮೊದಲ ಸಲ ಮೇವಿಗೆ ಬಿಡುತ್ತಿದ್ದರು. ಹೊಡೆಯುವ ಕೋಲು ಗರಿಗಳ ಭಾನುವಾರದಂದು ಚರ್ಚಿನಲ್ಲಿ ಮಂತ್ರಿಸಿ ತಂದ ವಿಲೋ ಕೊಂಬೆ. ಅದೇ ಸಂತನಿಗೆ ನವೆಂಬರ್ 26ರಂದು ಇನ್ನೊಂದು ಹಬ್ಬ, ಯೂರಿಯ ದಿನ. ಫಸಲು ಮನೆ ಸೇರಿ, ಲೆಕ್ಕ ಚುಕ್ತಾ ಆಗುವ ಕಾಲ. ಮಾಸ್ಕೋದ ಮೂರನೇ ಇವಾನ್ 1497ರಲ್ಲಿ ತಂದ ಕಾನೂನು, ಗೇಣಿ ರೈತ ಒಬ್ಬ ಜಮೀನುದಾರನನ್ನು ಬಿಟ್ಟು ಇನ್ನೊಬ್ಬನಲ್ಲಿಗೆ ಹೋಗಬೇಕಾದರೆ ಯೂರಿಯ ದಿನದ ಹಿಂದಿನ ಒಂದು ವಾರ, ಮುಂದಿನ ಒಂದು ವಾರ ಮಾತ್ರ ಹೋಗಬಹುದೆಂದು ಕಟ್ಟು ಹಾಕಿತು. ಹೋಗುವಾಗ ವಾಸವಿದ್ದ ಮನೆಗೆ ಬಾಡಿಗೆ ತೆರಬೇಕು: ಬಯಲು ಸೀಮೆಯಲ್ಲಿ ಒಂದು ರೂಬಲ್, ಕಾಡು ಸೀಮೆಯಲ್ಲಿ ಅರ್ಧ. ಅದು ನಾಲ್ಕು ವರ್ಷ ಇದ್ದವನಿಗೆ. ಒಂದೇ ವರ್ಷ ಇದ್ದು ಹೊರಟವನಿಗೆ ಅದರ ಕಾಲು ಭಾಗ.

ಹದಿನಾರನೇ ಶತಮಾನದ ಕೊನೆಯ ಹೊತ್ತಿಗೆ ಆ ಎರಡು ವಾರಗಳೂ ಹೋದವು. ಯುದ್ಧ, ಬರಗಳಿಂದ ಹಳ್ಳಿಗಳು ಬರಿದಾಗಿ ಜಮೀನುದಾರರಿಗೆ ಆಳು ಸಿಗದಂತಾದಾಗ, ಈ ವರ್ಷ ಹೊರಡುವುದು ನಿಷಿದ್ಧ ಎಂದು ಸಾರತೊಡಗಿದರು. 1580ರ ದಶಕದಲ್ಲಿ ತಾತ್ಕಾಲಿಕವೆಂದು ಬಂದ ನಿಷೇಧ ಕಾಯಂ ಆಯಿತು. 1649ರ ಸಂಹಿತೆ ಓಡಿಹೋದ ರೈತನನ್ನು ಎಷ್ಟು ವರ್ಷ ಕಳೆದರೂ ಹಿಡಿದು ತರಬಹುದೆಂದಿತು. ‘ತಗೋ ಅಜ್ಜೀ, ಇದೇ ನಿನ್ನ ಯೂರಿಯ ದಿನ’ ಎಂಬ ಮಾತು, ಆಸೆ ಕೈಕೊಟ್ಟಾಗಲೆಲ್ಲ ರಷ್ಯನ್ನರ ಬಾಯಲ್ಲಿ ಇವತ್ತಿಗೂ ಬರುತ್ತದೆ. ಮೋಸ ಮಾಡುವುದಕ್ಕೆ ಅವರಲ್ಲಿ ಯೆಗೋರ್ ಎಂಬ ಹೆಸರಿನಿಂದಲೇ ಹುಟ್ಟಿದ ಒಂದು ಕ್ರಿಯಾಪದವೂ ಇದೆ. ಅದನ್ನೂ ಜನ ಈ ಹಬ್ಬಕ್ಕೇ ಗಂಟು ಹಾಕುತ್ತಾರೆ.

ಬಾಲ್ಕನ್‌ನ ಹಲವು ನಾಡುಗಳಲ್ಲಿ ಮೇ 6 ಸಂತನ ವಸಂತದ ಹಬ್ಬದ ದಿನ. ಬಲ್ಗೇರಿಯಾದವರು ಅಂದು ಕುರಿಮರಿ ಕಡಿಯುತ್ತಾರೆ. ಅದೇ ಹೊತ್ತಿಗೆ ತುರ್ಕರು ಹಜ್ರತ್ ಖಿಜ್ರ್ ಹೆಸರಿನಲ್ಲಿ ಹಿದ್ರೆಲ್ಲೆಜ್ ಆಚರಿಸುತ್ತಾರೆ, ರೋಮಾ ಜನರಿಗೆ ಅದು ಎದೆರ್ಲೆಜಿ. ಕ್ಯಾಟಲನ್ನರಲ್ಲಿ ಏಪ್ರಿಲ್ 23ಕ್ಕೆ ಗುಲಾಬಿಯ ಜೊತೆ ಪುಸ್ತಕ ಕೊಡುವ ರೂಢಿ ಬಿದ್ದದ್ದು ಕಳೆದ ಶತಮಾನದಲ್ಲಿ. ಯುನೆಸ್ಕೋ 1995ರಲ್ಲಿ ಅದೇ ತಾರೀಖನ್ನು ವಿಶ್ವ ಪುಸ್ತಕ ದಿನವೆಂದಿತು.

ಭಾರತಕ್ಕೆ ಈ ಹೆಸರು ಒಂದಕ್ಕಿಂತ ಹೆಚ್ಚು ಬಾಗಿಲಿನಿಂದ ಬಂದಿದೆ. ಮದ್ರಾಸಿನ ಕೋಟೆಗೆ ಸಂತನ ಹೆಸರಿಟ್ಟ ಈಸ್ಟ್ ಇಂಡಿಯಾ ಕಂಪನಿಯದು ಒಂದು ಬಾಗಿಲು. ಹಿಮಾಲಯದ ಕುಲ್ಲು ಕಣಿವೆಯಲ್ಲಿ ನೆಲೆಸಿದ್ದ ರಷ್ಯಾದ ರೋರಿಕ್ ಕುಟುಂಬದ್ದು ಇನ್ನೊಂದು. ಬೆಂಗಳೂರಿನ ತಾತಗುಣಿ ಎಸ್ಟೇಟಿನ ಚಿತ್ರಕಾರ ಸ್ವೆತೊಸ್ಲಾವ್ ರೋರಿಕ್ ಅವರ ಅಣ್ಣ ದೊಡ್ಡ ಟಿಬೆಟಾಲಜಿಸ್ಟ್. ಇಂಗ್ಲಿಷ್ ಪುಸ್ತಕಗಳ ಮೇಲೆ ಅವರು ಜಾರ್ಜ್ ರೋರಿಕ್, ರಷ್ಯನ್ನರಿಗೆ ಯೂರಿ. ಇಬ್ಬರೆಂದು ತಿಳಿದು ಗ್ರಂಥಾಲಯದಲ್ಲಿ ಹುಡುಕಿದರೆ ಸಿಗುವುದು ಒಬ್ಬರೇ.

ಇವೆರಡಕ್ಕಿಂತ ಹಳೆಯದು ಕೇರಳದ ಬಾಗಿಲು. ಸಿರಿಯಾಕ್ ಭಾಷೆಯ ಪ್ರಾರ್ಥನೆಯೊಂದಿಗೆ ಬಂದ ಗೀವರ್ಗೀಸ್ ಅಲ್ಲಿ ವರ್ಗೀಸ್ ಆಯಿತು, ಇನ್ನೂ ಮೊಟಕಾಗಿ ವರ್ಕಿ ಆಯಿತು. ಕೊಟ್ಟಾಯಂ ಬಳಿಯ ಪುದುಪ್ಪಳ್ಳಿಯ ಜಾತ್ರೆ ಈ ಗೀವರ್ಗೀಸ್ ಸಂತನದೇ. ಹಾಲು ಕರೆಯುವವರ ಸಹಕಾರ ಸಂಘಗಳನ್ನು ಕಟ್ಟಿ ಆನಂದ್ ಮಾದರಿಯನ್ನು ದೇಶಕ್ಕೆ ಹರಡಿದ ವರ್ಗೀಸ್ ಕುರಿಯನ್ ಹುಟ್ಟಿದ್ದು ಕೋಳಿಕ್ಕೋಡಿನಲ್ಲಿ, 1921ರ ನವೆಂಬರ್ 26ರಂದು. ರಷ್ಯಾದ ಹಳೆಯ ಪಂಚಾಂಗದ ಯೂರಿಯ ದಿನವೂ ಅದೇ ತಾರೀಖು, ಕಾಕತಾಳೀಯ. ಕರ್ನಾಟಕದ ನಂದಿನಿ ಹಾಲಿನ ವ್ಯವಸ್ಥೆ ನಿಂತಿರುವುದೂ ಆ ಮಾದರಿಯ ಮೇಲೆಯೇ. ತಾನು ರೈತರ ಸಂಬಳದ ನೌಕರ ಎಂದು ಹೇಳಿಕೊಳ್ಳುತ್ತಿದ್ದ ಕುರಿಯನ್ನರಿಗೆ ಹೆಸರು ಚೆನ್ನಾಗಿಯೇ ಒಪ್ಪುತ್ತಿತ್ತು.

ಮಂಗಳೂರಿನ ಜಾರ್ಜ್ ಫರ್ನಾಂಡಿಸರಿಗೆ ಹೆಸರು ಬಂದದ್ದು ಅರಮನೆಯಿಂದ. 1930ರ ಜೂನ್ 3ರಂದು ಫರ್ನಾಂಡಿಸ್ ದಂಪತಿಗೆ ಚೊಚ್ಚಲ ಗಂಡುಮಗು ಹುಟ್ಟಿದಾಗ ಇಂಗ್ಲೆಂಡಿನ ಗದ್ದುಗೆಯಲ್ಲಿದ್ದವನು ಐದನೇ ಜಾರ್ಜ್. ಅವನ ಹುಟ್ಟುಹಬ್ಬವೂ ಜೂನ್ 3. ತಾಯಿ ಆಲಿಸ್ ಅವರಿಗೆ ಆ ದೊರೆಯ ಮೇಲೆ ಅಭಿಮಾನ, ಮಗನಿಗೂ ಅದೇ ಹೆಸರಿಟ್ಟರು. ಪಾದ್ರಿಯಾಗಲೆಂದು ಬೆಂಗಳೂರಿನ ಸೆಮಿನರಿಗೆ ಕಳಿಸಿದ ಹುಡುಗ ಅದನ್ನು ಬಿಟ್ಟು ಮುಂಬೈ ಸೇರಿ, ಟ್ಯಾಕ್ಸಿ ಚಾಲಕರನ್ನೂ ಪಾಲಿಕೆಯ ಕಾರ್ಮಿಕರನ್ನೂ ಸಂಘಟಿಸಿದರು. 1967ರಲ್ಲಿ ಕಾಂಗ್ರೆಸ್ಸಿನ ಘಟಾನುಘಟಿ ಎಸ್.ಕೆ. ಪಾಟೀಲರನ್ನು ದಕ್ಷಿಣ ಮುಂಬೈಯಲ್ಲಿ ಸೋಲಿಸಿದಾಗ ಪತ್ರಿಕೆಗಳು ಕೊಟ್ಟ ಬಿರುದು ‘ಜಾರ್ಜ್ ದಿ ಜೈಂಟ್ ಕಿಲ್ಲರ್’. ಡ್ರಾಗನ್ ಕೊಂದ ಸಂತನ ಹೆಸರಿನವರಿಗೆ ಅದು ತಾನಾಗಿ ಒದಗಿತು. 1974ರ ರೈಲ್ವೆ ಮುಷ್ಕರ ಆಯಿತು, ತುರ್ತು ಪರಿಸ್ಥಿತಿಯಲ್ಲಿ ಕೈಗೆ ಕೋಳ ಬಿತ್ತು. 1977ರಲ್ಲಿ ಜೈಲಿನಲ್ಲಿದ್ದುಕೊಂಡೇ ಬಿಹಾರದ ಮುಜಫ್ಫರ್‌ಪುರದಿಂದ ಗೆದ್ದ ಈ ಜಾರ್ಜ್ ಕೈಗಾರಿಕಾ ಸಚಿವರಾದರು. ಅವರ ಷರತ್ತುಗಳಿಗೆ ಒಪ್ಪದೆ ಕೋಕಾ ಕೋಲಾ ದೇಶ ಬಿಟ್ಟು ಹೋಯಿತು.